ಮಾಳಿಗೆಯ ಮೇಲಿನ ದೇವಕಣಗಿಲೆ

ಮುರಿದ ಛತ್ರಿಯ ಕೋಲನ್ನು ನಾನು ಮಣ್ಣಿಗೆ ಚುಚ್ಚಿದರೂ ಸಾಕು, ಬೆಳಗಾಗುವುದರೊಳಗೆ ಹೂ ಬಿಡುತ್ತದೆ! ೧೯೭೪ರಲ್ಲಿ ಮೊರಬದ ಮಡಿವಾಳೆಪ್ಪನಾದ ನನ್ನ ಕೈಗುಣಕ್ಕೆ ಇಡೀ ನವಲಗುಂದ ತಾಲೂಕೇ ಬೆರಗಾಗಿತ್ತು.

ಅಂಥ ನನ್ನ ಮಾಳಿಗೆಯ ಮೇಲೆ ಒಂದು ಮಧ್ಯಾಹ್ನ ಸಿಡಿಲು ಬಿತ್ತು. ಸಿಡಿಲಿನ ಹೆಸರು ನೀಲಾ. ಶಲವಡಿಯ ನನ್ನ ಸೋದರತ್ತೆಯ ಮಗಳು.

"ಮಾಮಾ! ಏನ್ರಿ ಇದು?"

ಅವಳ ಕೈಯಲ್ಲಿ ದೇವಕಣಗಿಲೆಯ ಕೊಂಬೆ. ಕಳೆದ ವಾರ ತಾನೇ ಕತ್ತರಿಸಿ ಕೊಟ್ಟು, "ನನ್ನ ಮ್ಯಾಲೆ ಮನಸಿದ್ರ ನಿಮ್ಮ ಅಂಗಳದಾಗ ಹಚ್ರಿ" ಎಂದಿದ್ದಳು. ಚಳಿಗೆ ಎಲೆ ಉದುರಿಸಿಕೊಂಡ ಆ ಬೋಳು ಕೊಂಬೆ ಅವಳು ಎತ್ತಿಕೊಳ್ಳುವವರೆಗೆ ಸಗಣಿ ಕುಳ್ಳಿನ ಬಾಜು ಬಿಸಿಲಲ್ಲಿ ಬಿದ್ದಿತ್ತು. ಸುಕ್ಕುಗಟ್ಟಿ!

ಅಯ್ಯೋ... ಕಸದಂಗ ಒಗದಾರಲ್ಲ! ನಾನೂ ಇವರಿಗೆ ಇಷ್ಟೇನಾ?

ಅವಳ ಮನಸ್ಸಿನ ಈ ಮಾತು ಮುಖದ ಮೇಲೆಯೇ ಓದುವಂತಿತ್ತು.

"ಕುಬಿಹಾಳದ ವರ ಬಂದಾನ. ಸಂಜಿಗೆ ಅಪ್ಪ ಮಾತ ಕೊಡತಾನ. ನೀವು ಹಚ್ಚೀರಿ ಅನ್ಕೊಂಡು ಓಡಿ ಬಂದೆ..."

"ಸಂಜಿಗೇನ?" ನನ್ನ ನಾಲಿಗೆಯೇ ಒಣಗಿತು. ನನ್ನ ನಾಲಿಗೆ!

"ಹೂಂ. ನಾನೂ ಹೂಂ ಅಂತೀನಿ." ಅವಳು ತಿರುಗಿದಳು.

"ನಿಂದ್ರು ನೀಲಾ! ಕತ್ತರಿಸಿದ ತುದಿ ನೋಡು. ಕೊಂಬಿ ಹಾಲು ಪೂರಾ ಆರಬೇಕು. ಹಸೀದು ಹಚ್ಚಿದ್ರ ಮಣ್ಣಾಗ ಕೊಳೀತೈತಿ. ಅದಕ್ಕ ಒಣಗಿಸೇನಿ. ಇಂಥಾವು ಸಾವಿರ ಗಿಡ ಎಬ್ಬಿಸೀನಿ ನಾ!"

ನೀಲಾ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಏನೂ ಅಂಟಲಿಲ್ಲ. ಕಣ್ಣು ತುಂಬಿದವು. "ಒಗದಿಲ್ಲ... ಕಾಪಾಡ್ಯಾರ!" ಎಂದು ತನ್ನಷ್ಟಕ್ಕೇ ಅಂದಳು.

ಬಾಜು ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಮುದುಕಿ ಮೈಲಾರವ್ವ ಹೊಟ್ಟೆ ಹಿಡಿದು ನಕ್ಕಳು.

"ಸಾವಿರಂತ! ಲೇ ಮಡಿವಾಳ್ಯಾ, 'ಯವ್ವಾ, ಇದು ಸಾಯಬಾರದು, ಹೆಂಗ ಹಚ್ಚಲಿ' ಅಂತ ನನ್ನ ಕಾಲು ಹಿಡಿದಾಂವ ಯಾರಲೇ? ಒಣಗಸು ಅಂದಾಕಿ ನಾ!"

ನೀಲಾ ಬೆಚ್ಚಿಬಿದ್ದಳು. "ನೀವು... ಇನ್ನೊಬ್ಬರನ್ನ ಕೇಳಿದ್ರಿ?"

ನಾನು ಓಡಿಹೋಗೋಣವೆಂದರೆ ಏಣಿ ಅವಳ ಬೆನ್ನ ಹಿಂದೆ ಇತ್ತು.

"ಖರೆ," ಎಂದೆ. "ಜನ್ಮದಾಗ ಒಂದು ಗಿಡಾನೂ ಹಚ್ಚಿದಾಂವ ಅಲ್ಲ ನಾ. ನೀ ಕೊಟ್ಟಿದ್ದು ಸತ್ತರ ಏನ ಗತಿ ಅಂತ... ಅಂಜಿದೆ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಪ್ಪನ ಮುಂದ ಏನಂತ ಕೊಚ್ಚಿಕೋತೀರಿ?"

"ಈ ಖರೇ ಮಾತನ್ನ ಹೇಳತೀನಿ. ನಡಿ, ಈಗಿಂದೀಗ ಹೋಗೂಣು."

"ಮತ್ತ ಕೊಂಬಿ?"

"ಇನ್ನೊಂದೆರಡು ದಿನ ಆರಲಿ. ಇಬ್ರೂ ಕೂಡಿ ಹಚ್ಚೂಣು... ಎಷ್ಟು ಆಳ ತೋಡಬೇಕು, ಅದೂ ನನಗ ಗೊತ್ತಿಲ್ಲ, ನೀಲಾ."