ಹೊರಸಿನ ಕೆಳಗಿನ ಕೆಂಡ

“ಆ ಹೊರಸು ಮೊದಲ ಹೊರಗ ಒಗೀರಿ!”

ಅಕ್ಕಲಕೋಟದ ಬೀಗರ ಮನೆಯ ಹೊಸ್ತಿಲು ದಾಟಿದ ಗಿರಿಜಾಬಾಯಿಯ ಬಾಯಿಂದ ಬಿದ್ದ ಮೊದಲ ಮಾತೇ ಇದು. ಕ್ಷೇಮ ಕೇಳಲಿಲ್ಲ, ಕೈಕಾಲಿಗೆ ನೀರು ಮುಟ್ಟಿಸಲಿಲ್ಲ, ಹೊಸ ಮೊಮ್ಮಗಳ ಮುಖವನ್ನೂ ನೋಡಲಿಲ್ಲ! ಸೋಲಾಪುರದಲ್ಲಿ ಚಾದರದ ಅಂಗಡಿಯ ಒಡತಿ ಆಕೆ. ಮೈಯೋ, ಎರಡು ಸೀಟಿನ ಟಿಕೀಟು ತಗೊಳ್ಳಿ ಎಂದು ಬಸ್ಸಿನ ಕಂಡಕ್ಟರನೇ ಕೈಮುಗಿಯುವಂಥದ್ದು. ದನಿಯೋ, ಆಕೆ ಒಮ್ಮೆ ಕೆಮ್ಮಿದರೆ ಪಾಳಿಗೆ ಕೂಗುವ ಗಿರಣಿಯ ಭೋಂಗಾ ನಾಚಿಕೊಂಡು ಸುಮ್ಮನಾಗಬೇಕು.

ಸೊಸೆ ಚಂದ್ರಭಾಗಾ ನುಲಿಯ ಹೊರಸಿನ ಮೇಲೆ ಕೂಸಿನೊಂದಿಗೆ ಮಲಗಿದ್ದಳು. ಹೊರಸಿನ ಕೆಳಗೆ ಮಣ್ಣಿನ ಬೋಗುಣಿಯಲ್ಲಿ ಸಗಣಿಯ ಕುಳ್ಳಿನ ಕೆಂಡ, ಅದರ ಮೇಲೆ ತೆಳ್ಳಗೆ ಬೂದಿ. ನುಲಿಯ ಸಂದಿನಿಂದ ಕಾವು ಏರಿ ತಾಯಿ-ಮಗುವಿನ ಬೆನ್ನಿಗೆ ತಾಗಬೇಕು. ಚಂದ್ರಭಾಗಾಳ ತಾಯಿ ಸೋಮವ್ವ ಕಂಡಿದ್ದ ಬಾಣಂತನದ ರೀತಿ ಅದೊಂದೇ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಹಿಡಿಯಷ್ಟಿತ್ತು. ಮಾಘದ ಚಳಿಯಲ್ಲಿ ಅದರ ಜೀವ ಆ ಕಾವನ್ನೇ ನಂಬಿತ್ತು.

“ಅಗ ಬಾಈ, ಏನ ಹೊಗಿ ಇದು! ನನ್ನ ಸೊಸಿ ಏನು ಸುಡೂ ಬದನಿಕಾಯಿ ಅಂತ ತಿಳದೀರೇನು? ಕರೆಂಟಿನ ಹೀಟರ್ ತಂದೀನಿ, ಬಸ್ಸಿನ ಟಪ್ಪಿನ ಮ್ಯಾಲ ಲೋಖಂಡದ ಕಾಟ ತಂದೀನಿ. ಆ ಕುಳ್ಳೂ ಅಟ್ಟದಿಂದ ಇಳಿಸಿ ಅಂಗಳಕ್ಕ ಹಾಕ್ರಿ!”

“ಅಕ್ಕಾರ, ಒಂದೀಟು ಕೆಂಡಾನೂ ಇರ್ಲಿ...” ಸೋಮವ್ವ ಸೆರಗು ಹಿಂಡುತ್ತ ಅಂದಳು. “ಕರೆಂಟ ಹೋದ್ರ?”

“ಹೋಗಾಕ ಅದೇನು ನಿಮ್ಮ ಮನಿ ಬೆಕ್ಕೇನ್ರಿ?”

ಗಂಡಿನ ತಾಯಿಗೆ ಎದುರಾಡುವವರು ಯಾರು? ಹೊರಸು ಅಂಗಳ ಸೇರಿತು, ಒಣ ಕುಳ್ಳೂ ಸೇರಿದವು. ಮಣ್ಣಿನ ಬೋಗುಣಿ ತಿಪ್ಪೆಗೆ ಹೋಯಿತು. ಬಾಣಂತಿ ಕೂಸಿನೊಂದಿಗೆ ಕಬ್ಬಿಣದ ಮಂಚ ಏರಿದಳು. ಕೂಸನ್ನು ಮಾತ್ರ ಗಿರಿಜಾಬಾಯಿ ಮುಟ್ಟಲಿಲ್ಲ. ಮೊದಲು ಮೊಮ್ಮಗನನ್ನೇ ಎತ್ತುತ್ತೇನೆಂದು ಸೋಲಾಪುರದ ಓಣಿಗೆಲ್ಲ ಸಾರಿದ್ದವಳು ಆಕೆ! ಹಾಗಿದ್ದರೆ ಹೀಟರ್ ಯಾಕೆ ತಂದಳು? ಚಾದರದವರ ಮೊಮ್ಮಗಳು ಚಳಿಗೆ ನಡುಗಿದಳೆಂದು ನಾಲ್ಕು ಜನ ಅಂದಾರಲ್ಲ, ಅದಕ್ಕೆ. ಆಕೆ ಹೇಳಿಕೊಂಡದ್ದು ಅಷ್ಟೇ.

ಹೀಟರಿನ ತಂತಿ ಕೆಂಪಗಾಯಿತು. ನೆರೆಮನೆಯ ಹೆಂಗಸರನ್ನೆಲ್ಲ ಕರೆದು ತೋರಿಸಿ ಇನ್ನೂ ಮುಗಿದಿರಲಿಲ್ಲ, ನಡುಮಧ್ಯಾಹ್ನವೇ ಕತ್ತಲೆ ಕವಿಯಿತು. ಬಿದ್ದವು ನೋಡಿ ಆಣಿಕಲ್ಲು! ಒಂದೊಂದೂ ತೆಂಗಿನಕಾಯಿಯಷ್ಟು... ಆಯಿತು, ನಿಂಬೆಹಣ್ಣಿನಷ್ಟು ಅನ್ನಿ. ಅಂಗಳವೆಲ್ಲ ಉಪ್ಪು ಸುರಿದಂತೆ ಬೆಳ್ಳಗಾಯಿತು. ಕುಳ್ಳು ಕರಗಿ ಸಗಣಿಯಾದವು, ಹೊರಸಿನ ನುಲಿ ನೀರು ಕುಡಿಯಿತು. ಹೀಟರಿನ ತಂತಿ ಕಪ್ಪಗಾಯಿತು.

“ಸೋಲಾಪುರ ರಸ್ತೆದಾಗ ಕಂಬ ಎಲ್ಲಾ ಮಲಗ್ಯಾವ! ಇವತ್ತ ಬಸ್ಸೂ ಇಲ್ಲ, ಲೈಟೂ ಇಲ್ಲ!” ಪಕ್ಕದ ಮನೆಯ ರಾಚಪ್ಪ ಬೀದಿಯಿಂದಲೇ ಕೂಗಿ ಹೋದ.

ಸಂಜೆಗೆ ಗಾಳಿ ಚೂರಿಯಾಯಿತು. ಕಬ್ಬಿಣದ ಕಾಟ ಮುಟ್ಟಿದರೆ ಕೈ ಸೆಟೆಯುತ್ತಿತ್ತು. ಚಂದ್ರಭಾಗಾಳಿಗೆ ಚಳಿಯ ನಡುಕ, ಮೈಯೆಲ್ಲ ತಣ್ಣಗೆ. ಹಾಲಿಗೆ ಬಾಯಿ ತೆರೆಯದ ಕೂಸಿನ ತುಟಿ ನೀಲಿಯಾಗತೊಡಗಿತು. ಅಳುವುದನ್ನೂ ಬಿಟ್ಟಿತು... ಒಲೆ ಹೊತ್ತಿಸಲು ಒಂದು ಒಣ ಕುಳ್ಳೂ ಉಳಿದಿರಲಿಲ್ಲ, ಓಣಿಗೆ ಹೋಗಿ ಕೆಂಡ ತರುವಷ್ಟು ಹೊತ್ತೂ ಇರಲಿಲ್ಲ. ಸೋಮವ್ವ ಅದನ್ನು ಎದೆಗವಚಿಕೊಂಡು ನೋಡಿದಳು. ಆದರೆ ಆ ಬಡಮೈಯಲ್ಲಿ ಎಲುಬು ಬಿಟ್ಟರೆ ಇನ್ನೇನಿತ್ತು?

“ಅಕ್ಕಾರ... ಸಿಟ್ಟಾಗಬ್ಯಾಡ್ರಿ. ಈ ಮನ್ಯಾಗ ಈಗ ಬೆಚ್ಚಗಿರೋದು ನಿಮ್ಮ ಮೈ ಒಂದ. ಕೂಸಿನ್ನ ಎದಿಗೆ ಹಚ್ಚಿಕೊಳ್ರಿ!”

ಗಿರಿಜಾಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು.

“ಅತ್ತಿ!” ಚಂದ್ರಭಾಗಾ ಕಾಟಿನಿಂದ ಇಳಿದು ಕಾಲಿಗೇ ಬಿದ್ದಳು. “ಹೆಣ್ಣಂತ ನೋಡಬ್ಯಾಡ್ರಿ... ನಡಗೋ ಜೀವ ಅಂತ ನೋಡ್ರಿ! ಇದೊಂದ ಉಳಿಸಿಕೊಡ್ರಿ, ಅತ್ತಿ... ಮತ್ತೇನೂ ಬ್ಯಾಡ ನನಗ!”

ಗಿರಿಜಾಬಾಯಿ ಸೊಸೆಯನ್ನು ಎತ್ತಿ ಕಾಟಿನ ಮೇಲೆ ಕೂಡಿಸಿದಳು. ಕುಬಸದ ಗಂಟು ಬಿಚ್ಚಿದಳು. ಕೂಸನ್ನು ಎದೆಗೆ ಒತ್ತಿಕೊಂಡು ಇಳಕಲ್ ಸೀರೆಯ ಸೆರಗನ್ನು ಸುತ್ತಿಕೊಂಡಳು. ಅಯ್ಯೋ! ಅಂಗಳದ ಆಣಿಕಲ್ಲನ್ನೇ ಎತ್ತಿಕೊಂಡಂತಿತ್ತು. ಕೆಂಡ ಆರಿಸಿದವಳು ತಾನು, ಕುಳ್ಳು ಹೊರಗೆ ಹಾಕಿಸಿದವಳು ತಾನು...

“ಏ ಪೋರೀ, ಅಳು! ಒಂದ ಸಲ ಅಳು! ಈ ಮುದಕಿಗೆ ಬೇಕಾದ್ರ ಬೈಯಿ, ಒದಿ... ಸುಮ್ಮ ಮಾತ್ರ ಇರಬ್ಯಾಡ, ನನ್ನವ್ವಾ!”

ಸೋಮವ್ವ ಪುಟ್ಟ ಪಾದಗಳನ್ನು ಉಜ್ಜುತ್ತಲೇ ಇದ್ದಳು. ಚಂದ್ರಭಾಗಾ ಚಿಮಣಿ ದೀಪ ಎತ್ತಿ ಹಿಡಿದು ಕೂಸಿನ ಮುಖ ನೋಡುತ್ತಿದ್ದಳು. ಆಗ ಗಿರಿಜಾಬಾಯಿಯ ಹೊಟ್ಟೆಯ ಮೇಲೆ ಏನೋ ಬಿಸಿಬಿಸಿಯಾಗಿ ಹರಿಯಿತು.

“ಉಚ್ಚಿ ಹೊಯ್ದಳು!” ಆಕೆ ಕಿರುಚಿದ್ದು ಸೋಲಾಪುರಕ್ಕೂ ಕೇಳಿಸಿರಬೇಕು. “ನನ್ನ ಇಳಕಲ್ ಸೀರಿ ಮ್ಯಾಲ ಉಚ್ಚಿ ಹೊಯ್ದಳು! ಜೀವ ಐತಿ, ಬೀಗಿತಿ, ಜೀವ ಐತಿ!”

ಆ ಕಿರುಚಾಟಕ್ಕೆ ಬೆಚ್ಚಿಬಿದ್ದ ಕೂಸು ಕೊನೆಗೂ ಅತ್ತಿತು. ಅದು ಅತ್ತಿತೆಂದು ಮೂವರೂ ಅತ್ತರು. ಅಳುತ್ತಲೇ ನಕ್ಕರು.

ಕೂಗು ಕೇಳಿ ಓಡಿಬಂದ ಓಣಿಯ ಹೆಂಗಸರು ತಮ್ಮ ತಮ್ಮ ಒಲೆಯ ಕೆಂಡ ತಂದು ಸುರಿದರು. ರಾಚಪ್ಪ ತನ್ನ ಮನೆಯ ಒಣ ಹೊರಸು ಹೊತ್ತು ತಂದ. ಗಿರಿಜಾಬಾಯಿ ತಾನೇ ನೆಲಕ್ಕೆ ಕೂತು ಕೆಂಡದ ಮೇಲೆ ಬೂದಿ ಹರಡಿದಳು. ಬೀಗರ ಮನೆಯಲ್ಲಿ ಊಟ ಮಾಡುವುದಿಲ್ಲವೆಂದು ಬಂದವಳು ಸೋಮವ್ವನ ರೊಟ್ಟಿ, ಶೇಂಗಾ ಹಿಂಡಿಯನ್ನು ಒಂದು ಪಡೆ ತಿನ್ನುವಷ್ಟು ತಿಂದಳು. ಎಷ್ಟೋ ದಿನ ಕರೆಂಟು ಬರಲಿಲ್ಲ. ಬಸ್ಸು ಶುರುವಾದರೂ ಗಿರಿಜಾಬಾಯಿ ಹೋಗಲಿಲ್ಲ. ಕೊನೆಗೊಂದು ಸಂಜೆ ಹೀಟರ್ ತಾನಾಗಿ ಕೆಂಪಗಾದಾಗ, ಎದ್ದು ಹೋಗಿ ಆರಿಸಿದವಳೂ ಆಕೆಯೇ.

ಬಾಣಂತನ ಮುಗಿದ ಮೇಲೆ ಸೋಲಾಪುರದ ಬಸ್ಸಿನ ಟಪ್ಪಿನ ಮೇಲೆ ಹೊಸ ನುಲಿ ಬಿಗಿದ ಸೋಮವ್ವನ ಹೊರಸು ಕೂತಿತ್ತು. ಕೆಳಗೆ ಗಿರಿಜಾಬಾಯಿ, ಉಡಿಯಲ್ಲಿ ಮೊಮ್ಮಗಳು. ಮುಂದಿನ ಸೀಟಿನಲ್ಲಿ ಚಂದ್ರಭಾಗಾ. ಗಿರಿಜಾಬಾಯಿಯೇ ಹಟ ಹಿಡಿದು ಹೊರಡಿಸಿದ್ದ ಸೋಮವ್ವ ಮಾತ್ರ ಸಾಲಿನ ನಡುವೆ ಅಳುಕುತ್ತ ನಿಂತಿದ್ದಳು. ಹೆಣ್ಣು ಕೊಟ್ಟವಳು ಬೀಗಿತಿಯ ಸರಿಸಮ ಕೂಡುವುದೇ?

“ನಾ ನಿಂತ ಬರ್ತೀನ್ರಿ, ಅಕ್ಕಾರ...”

ಗಿರಿಜಾಬಾಯಿ ಉಸಿರು ಬಿಗಿಹಿಡಿದು, ತನ್ನ ಗುಡ್ಡದಂಥ ಮೈಯನ್ನು ಕಿಟಕಿಗೆ ಒತ್ತಿಕೊಂಡು, ಒಂದು ಗೇಣು ಜಾಗ ಮಾಡಿದಳು.

“ಕೂಸಿಗೆ ಮೈ ಕೊಟ್ಟಾಕಿ ನಾ. ಕೊಡು ಅಂತ ಬುದ್ಧಿ ಹೇಳಿದಾಕಿ ನೀ. ಕೂಡ್ರ ಬಾ, ತಂಗಿ.”