ಅಳಿಸಿಹೋದ ಹದಿನಾಲ್ಕು ಪಾಠಗಳು

ಗುರುವಾರ ಬೆಳಿಗ್ಗೆ ಏಳಕ್ಕೆ ನೋಡಿದರೆ ಲುಂಬುಂಗ್‌ನಲ್ಲಿ ಹದಿನಾಲ್ಕು ಪಾಠಗಳಿರಲಿಲ್ಲ. ‘ನಮ್ಮ ಆಹಾರ’ ವಿಭಾಗ ಪೂರ್ತಿ ಖಾಲಿ.

ಲುಂಬುಂಗ್ ಎಂದರೆ ಕಣಜ. ಜಾವಾದಿಂದ ರೋಟೆ ದ್ವೀಪದವರೆಗಿನ ಇನ್ನೂರು ಚಿಲ್ಲರೆ ಶಿಕ್ಷಕರು ಪಾಠ ಬರೆದು ಅಂತರ್ಜಾಲದಲ್ಲಿ ತುಂಬಿಟ್ಟ ಕಣಜ. ಯಾರು ಬೇಕಾದರೂ ಒಯ್ಯಬಹುದು, ಯಾರು ಬೇಕಾದರೂ ತಿದ್ದಬಹುದು. ಪುಟವನ್ನೇ ಅಳಿಸಬೇಕಾದರೆ ಮಾತ್ರ ‘ಉಸ್ತುವಾರಿ’ ಎಂಬ ಖಾತೆ ಬೇಕು. ಬುಧವಾರ ಸಂಜೆ ಆರು ಇಪ್ಪತ್ತಕ್ಕೆ ಪಾಠಗಳು ಅಳಿದದ್ದು ಆ ಖಾತೆಯಿಂದಲೇ.

ಅದರ ಪಾಸ್‌ವರ್ಡ್ ಗೊತ್ತಿದ್ದವರು ಮೂವರು. ಲುಂಬುಂಗ್ ಕಟ್ಟಿದ ನಿವೃತ್ತ ಮುಖ್ಯೋಪಾಧ್ಯಾಯ ಪಾಕ್ ಸುದರ್ಮಾದಿ. ಗಣಿತದ ಪಾಕ್ ತುಕಿರಾನ್. ಎಲ್ಲರಿಗಿಂತ ಕಿರಿಯಳಾದ ನವಾಂಗ್. (‘ಪಾಕ್’ ಎಂಬುದು ಗಂಡಸರಿಗೆ, ‘ಬು’ ಎಂಬುದು ಹೆಂಗಸರಿಗೆ ನಮ್ಮಲ್ಲಿ ಗೌರವಕ್ಕೆ ಸೇರಿಸುವ ಮಾತು.)

ಹತ್ತು ಗಂಟೆಯೊಳಗೆ ಪಾಕ್ ಸುದರ್ಮಾದಿ ಹದಿನಾಲ್ಕನ್ನೂ ಮರಳಿ ಏರಿಸಿದರು. ಜನವರಿಯಲ್ಲಿ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪ್ರತಿಗಳು ಎಂದರು. ಕೃತಜ್ಞತೆಗಳ ಸುರಿಮಳೆಯಾಯಿತು. ಅದರ ಹಿಂದೆಯೇ ಶುರುವಾಯಿತು ನವಾಂಗ್ ಮೇಲಿನ ಬೈಗುಳ. ಮಂಗಳವಾರ ಅವಳು ಚರ್ಚೆಯ ಪುಟದಲ್ಲಿ ಬರೆದಿದ್ದಳಲ್ಲ — ‘ಇಲ್ಲಿ ಯಾರೂ ಯಾರ ತಪ್ಪನ್ನೂ ಹೇಳುವುದಿಲ್ಲ. ಬರೀ ಹೊಗಳಿಕೆ. ಇಂಥ ಪಾಠಗಳು ಇದ್ದರೆಷ್ಟು, ಬಿಟ್ಟರೆಷ್ಟು?’

ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಮಂದಿ ಬಳಗ ಬಿಟ್ಟಿದ್ದರು. ಅವಳನ್ನು ತೆಗೆಯದಿದ್ದರೆ ತಾವೂ ಹೋಗುತ್ತೇವೆಂದು ಇನ್ನೂ ಮೂವತ್ತು ಮಂದಿ ಬರೆದರು.

ವಿಚಾರಣೆ ಬಿದ್ದದ್ದು ಬು ವಿರ್ಯಾನಿಯವರ ತಲೆಗೆ. ಅವರು ನಿವೃತ್ತ ಗ್ರಂಥಪಾಲಕಿ, ಪಾಸ್‌ವರ್ಡ್ ಇಲ್ಲದವರು. ನಾನು ಲಾರಸ್, ಪಕ್ಕದ ಮನೆಯವಳು, ಕಣ್ಣು ಮಂದವಾದ ಅವರಿಗೆ ಪರದೆ ಓದಿ ಹೇಳುವವಳು. ಅಳಿಸದೆ ಉಳಿದಿದ್ದ ಚರ್ಚೆಯ ಪುಟವನ್ನು ಅಚ್ಚು ಹಾಕಿಸಿ ಅವರಿಗೆ ಪೂರ್ತಿ ಓದಿ ಹೇಳಿದೆ. ಹೆಚ್ಚಿನದು ಜಗಳ. ನಡುವೆ ಮಂಗಳವಾರದ್ದೇ ಒಂದು ಸಣ್ಣ ಪ್ರಶ್ನೆ, ರೋಟೆಯ ಬು ಓರ್ಪಾ ಎಂಬವರದು — ಕಹಿ ಮರಗೆಣಸು ನೆನೆಸುವ ಹೊತ್ತಿನ ಬಗ್ಗೆ. ಯಾರೂ ಉತ್ತರಿಸಿರಲಿಲ್ಲ. ನಾನೂ ಅದಕ್ಕೆ ಗಮನ ಕೊಡದೆ ಮುಂದೆ ಓದಿದೆ.

ಎರಡು ಗಂಟೆಗೆ ಮೂವರೂ ವೊನೊಸಾರಿ ಪಟ್ಟಣದ ಬು ವಿರ್ಯಾನಿಯವರ ಮನೆಗೆ ಬಂದರು. ನಾನು ಚಹಾ ಕೊಟ್ಟೆ. ಯಾರೂ ಲೋಟ ಮುಟ್ಟಲಿಲ್ಲ.

“ತುಕಿರಾನ್, ನಿನ್ನೆ ಸಂಜೆ ಎಲ್ಲಿದ್ರಿ?” ಎಂದು ಕೇಳಿದರು ಬು ವಿರ್ಯಾನಿ.

“ಬ್ಯಾಡ್ಮಿಂಟನ್ ಆಡ್ತಿದ್ದೆ. ನಾಲ್ಕು ಜನ ಸಾಕ್ಷಿ ಇದ್ದಾರೆ.”

“ಫೋನು ಜೇಬಲ್ಲೇ ಇರತ್ತಲ್ಲ?”

“ಆ ಚಡ್ಡಿಗೆ ಜೇಬೇ ಇಲ್ಲ, ಬು. ಅದೆಲ್ಲ ಯಾಕೆ? ಮಾಡಿದವಳು ಎದುರಿಗೇ ಕೂತಿದ್ದಾಳೆ.”

ನವಾಂಗ್ ತಲೆಯೆತ್ತಿದಳು. “ನಾನು ಬಸ್ಸಲ್ಲಿದ್ದೆ. ಯೋಗ್ಯಾ ನಗರದಿಂದ ಬರ್ತಿದ್ದೆ.”

“ಫೋನು?”

“ಕೈಯಲ್ಲೇ ಇತ್ತು.”

“ನೋಡಿದ್ರಾ?” ಎಂದರು ತುಕಿರಾನ್.

“ತಪ್ಪು ಇದ್ರೆ ಮುಖಕ್ಕೆ ಹೊಡ್ದಂಗೆ ಹೇಳ್ತೀನಿ, ಪಾಕ್. ಕದ್ದು ಅಳಿಸೋ ಬುದ್ಧಿ ನನಗಿಲ್ಲ.”

ಸುದರ್ಮಾದಿ ಕೈಯೆತ್ತಿ ಸಮಾಧಾನ ಮಾಡಿದರು. “ಬಿಡಿ, ಚಿಕ್ಕ ಹುಡುಗಿ. ಪಾಠ ಹೇಗೂ ವಾಪಸ್ ಬಂತಲ್ಲ. ಇಲ್ಲಿಗೇ ಮುಗಿಸೋಣ.”

“ಮುಗಿಸೋಣ ಪಾಕ್, ಒಂದೇ ಮಾತು,” ಎಂದರು ಬು ವಿರ್ಯಾನಿ. “ನೀವು ಏರಿಸಿದ್ದು ಜನವರಿ ಪ್ರತಿಗಳೇ?”

“ಹೌದು.”

“ಅಕ್ಷರವೂ ಮುಟ್ಟಿಲ್ಲ?”

“ಮುಟ್ಟೋಕೆ ಪುರುಸೊತ್ತೆಲ್ಲಿತ್ತು?”

“ಹಾಗಾದ್ರೆ ಲಾರಸ್, ಓರ್ಪಾ ಅವರ ಪ್ರಶ್ನೆ ಓದಮ್ಮ.”

ನಾನು ಓದಿದೆ. ‘ಒಂಬತ್ತನೇ ಪಾಠದಲ್ಲಿ, ಕಹಿ ಮರಗೆಣಸನ್ನು ಮೂರು ಗಂಟೆ ನೆನೆಸಿ ಬೇಯಿಸಿ ಎಂದಿದೆ. ನಮ್ಮಲ್ಲಿ ಹಿರಿಯರು ದಿನಾ ನೀರು ಬದಲಿಸಿ ಮೂರು ದಿನ ನೆನೆಸುತ್ತಾರೆ. ಇಲ್ಲದಿದ್ದರೆ ವಿಷ ಎನ್ನುತ್ತಾರೆ. ಯಾವುದು ಸರಿ?’

“ಈಗಿನ ಒಂಬತ್ತನೇ ಪಾಠ?”

ನಾನು ಪರದೆಯತ್ತ ಬಗ್ಗಿ ಎರಡು ಸಲ ಓದಿಕೊಂಡೆ. “‘ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ’ ಅಂತಿದೆ, ಬು.”



“ಮಂಗಳವಾರ ಕೇಳಿದ ಪ್ರಶ್ನೆಗೆ ಜನವರಿ ಪ್ರತಿ ಉತ್ತರ ಕೊಡತ್ತಾ?” ಬು ವಿರ್ಯಾನಿ ದನಿ ಏರಿಸಲಿಲ್ಲ. “ಎಲ್ಲರೂ ಅಳಿಸಿದವರನ್ನೇ ಹುಡುಕಿದ್ರು. ವಾಪಸ್ ಇಟ್ಟಿದ್ದನ್ನ ಯಾರೂ ಓದಲಿಲ್ಲ. ಪುಟದಲ್ಲೇ ತಿದ್ದಿದ್ರೆ ಹಳೇ ಸಾಲು, ಬರೆದವರ ಹೆಸರು, ತಾರೀಖು, ಎಲ್ಲಾ ತಿದ್ದುಪಡಿ ಪಟ್ಟೀಲಿ ಕಾಣಿಸ್ತಿತ್ತು. ಪುಟನೇ ಅಳಿಸಿ ಹೊಸದಾಗಿ ಇಟ್ರೆ ಆ ಪಟ್ಟಿ ಇರಲ್ಲ. ಒಂದೇ ಅಳಿಸಿದ್ರೆ ಕಣ್ಣು ಬೀಳತ್ತೆ, ಅದಕ್ಕೆ ಹದಿನಾಲ್ಕು. ಒಂಬತ್ತನೇ ಪಾಠ ಬರೆದೋರು ಯಾರು, ಪಾಕ್ ಸುದರ್ಮಾದಿ?”

ಅವರು ತಮ್ಮ ಅಂಗೈ ನೋಡಿಕೊಂಡರು.

“ನಾನೇ,” ಎಂದರು. “ದಿನ ಅನ್ನೋ ಕಡೆ ಗಂಟೆ ಅಂತ ಬರೆದುಬಿಟ್ಟಿದ್ದೆ. ಮೂವತ್ತು ವರ್ಷ ಊರಿನ ತಪ್ಪು ತಿದ್ದಿದೋನು ನಾನು. ನನಗೆ… ಸರಿ ಮಾಡಿದೆ ತಾನೇ? ಯಾರಿಗೇನು ನಷ್ಟ ಆಯ್ತು?”

“ಬೆಳಿಗ್ಗೆಯಿಂದ ಈ ಹುಡುಗಿ ಬೈಸ್ಕೊಂಡಿದ್ದು ಒಂದು,” ಎಂದರು ಬು ವಿರ್ಯಾನಿ. “ಇನ್ನೊಂದು ಅದಕ್ಕಿಂತ ದೊಡ್ಡದು. ಹಳೇ ಪಾಠ ಎಷ್ಟು ಶಾಲೆಯವರು ಅಚ್ಚು ಹಾಕಿಸ್ಕೊಂಡಿದ್ದಾರೆ?”

ಉತ್ತರ ಕೊಟ್ಟವಳು ನವಾಂಗ್. “ನಮಗೆ ಬರೆದು ತಿಳಿಸಿದವರೇ ಹತ್ತೊಂಬತ್ತು.”

“ಅವರಿಗೆ ಹೇಳಿದ್ರಾ, ಪಾಕ್?”

ಸುದರ್ಮಾದಿಯವರ ಮುಖದ ಬಣ್ಣ ಇಳಿಯಿತು. ಅದು ಅವರಿಗೆ ಆ ಗಳಿಗೆಯವರೆಗೂ ಹೊಳೆದೇ ಇರಲಿಲ್ಲವೆಂದು ನನಗನ್ನಿಸಿತು. ತುಕಿರಾನ್ ನವಾಂಗ್ ಕಡೆ ಒಮ್ಮೆ ನೋಡಿ, ಕ್ಷಮೆ ಕೇಳಲೂ ಬಾರದೆ ಕಿಟಕಿಯತ್ತ ತಿರುಗಿಕೊಂಡರು.

ನವಾಂಗ್ ಆ ಹತ್ತೊಂಬತ್ತು ಶಾಲೆಗಳ ಪಟ್ಟಿ ತೆಗೆದಳು. ಮೊದಲ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಗಂಟೆ ಹೊಡೆಯುತ್ತಿದ್ದ ಫೋನನ್ನು ಸುದರ್ಮಾದಿಯವರ ಕೈಗಿಟ್ಟಳು.

ಸುಂಬಾ ದ್ವೀಪದ ಒಂದು ಶಾಲೆ. ಬರುನಾ ಎಂಬ ಶಿಕ್ಷಕ, ಸುರಬಾಯ ಪಟ್ಟಣದಿಂದ ಹೋದ ಹೊಸಬ.

“ಆ ಪಾಠನಾ, ಪಾಕ್? ಶನಿವಾರ ಮಕ್ಕಳ ಕೈಲಿ ಮಾಡಿಸ್ಬೇಕು ಅಂತಿದ್ದೀನಿ. ಗೆಣಸು ತನ್ನಿ ಅಂತ ಹೇಳಾಗಿದೆ. ಯಾಕೆ?”

ಸುದರ್ಮಾದಿ ಕಣ್ಣು ಮುಚ್ಚಿಕೊಂಡರು.

“ಮಾಡಿಸ್ಬೇಡಿ, ಅದರಲ್ಲಿ ತಪ್ಪಿದೆ. ಮೂರು ಗಂಟೆ ಅಲ್ಲ, ಮೂರು ದಿನ. ಬರೆದೋನು ನಾನೇ. ಸುದರ್ಮಾದಿ ಅಂತ.”

 ಅತ್ತ ಕಡೆ ಕಾಗದ ಸರಿದ ಸದ್ದು.

“ತಡೀರಿ ಪಾಕ್, ಬರ್ಕೋತೀನಿ. ಇನ್ನೊಂದ್ಸಲ ಹೇಳಿ.”