ನವ್ಯಶ್ರೀ ಬೇಕಂತಲೇ ಸೋತ ಆಟ

ನವ್ಯಶ್ರೀಯ ಮುಖ ನಂಬಿ ಕೆಟ್ಟವರ ಪಟ್ಟಿ ಮಾಡಿದರೆ ಮಂಜೇಶನ ಹೆಸರೇ ಮೊದಲು ಬರಬೇಕು.

ನೆಲಮಂಗಲದ ಡಿಗ್ರಿ ಕಾಲೇಜಿನ ಬಿ.ಕಾಂ. ಕ್ಲಾಸಿನಲ್ಲಿ ಇವರಿಬ್ಬರು, ಚಲಪತಿ, ಅಕ್ಷತ, ಹೀಗೆ ನಾಲ್ವರು ದಿನಾ ಊಟದ ಹೊತ್ತಿಗೆ ಪ್ರೈಮರಿ ಸ್ಕೂಲ್ ಮಕ್ಕಳ ಆಟ ಆಡುತ್ತಿದ್ದರು. ರಾಜ, ರಾಣಿ, ಪೊಲೀಸ್, ಕಳ್ಳ ಎಂದು ನಾಲ್ಕು ಚೀಟಿ ಬರೆದು ಕುಲುಕಿ ಎಸೆಯುವುದು, ತಲೆಗೊಂದು ಎತ್ತಿಕೊಳ್ಳುವುದು. ಪೊಲೀಸ್ ಆದವರು ಉಳಿದ ಮೂವರ ಮುಖ ನೋಡಿ ಕಳ್ಳ ಯಾರೆಂದು ಹೇಳಬೇಕು. ಪೊಲೀಸ್ ಮತ್ತು ಕಳ್ಳರಲ್ಲಿ ಸೋತವರು, ಗೆದ್ದವರು ಕೇಳುವ ಒಂದೇ ಒಂದು ಪ್ರಶ್ನೆಗೆ ಸುಳ್ಳಿಲ್ಲದ ಉತ್ತರ ಕೊಡಬೇಕು. ಇದು ಅವರೇ ಮಾಡಿಕೊಂಡಿದ್ದ ರೂಲ್ಸು.

ಕಳ್ಳನ ಚೀಟಿ ಬಂದರೆ ನವ್ಯಶ್ರೀ ಆರಾಮಾಗಿ ಆಕಳಿಸುತ್ತಿದ್ದಳು. ರಾಣಿ ಬಂದರೆ ಗಾಬರಿಯಿಂದ ಜಡೆ ಮುಂದಕ್ಕೆಳೆದುಕೊಳ್ಳುತ್ತಿದ್ದಳು. ಮಂಜೇಶನೋ, ಚೀಟಿ ಬಿಚ್ಚುವ ಮೊದಲೇ ಬೆವರುವ ಆಸಾಮಿ.

"ಲೇ, ನಿನ್ ಮುಖ ನೋಟಿಸ್ ಬೋರ್ಡ್ ಕಣ್ಲಾ. ಯಾರ್ ಬೇಕಾದ್ರೂ ಓದ್ಕೊಂಡು ಹೋಗ್ಬಹುದು," ಎಂದು ಗೆಳೆಯ ಚಲಪತಿ ಆಡಿಕೊಳ್ಳುತ್ತಿದ್ದ.

ಸೆಕೆಂಡ್ ಇಯರಿನಲ್ಲಿ ಒಂದು ದಿನ ಭಾನುಪ್ರಕಾಶ್ ಸರ್ ಹೇಳದೆ ಕೇಳದೆ ಒಳಗೆ ಬಂದುಬಿಟ್ಟರು. ಚೀಟಿಗಳು ಬೆಂಚಿನ ಮೇಲೇ ಇದ್ದವು.

"ಏನಿದು?"

"ಸೆಮಿನಾರ್ ಟಾಪಿಕ್ ಸಾರ್. ಚೀಟಿ ಎತ್ತಿ ಹಂಚ್ಕೊತಾ ಇದ್ವಿ," ಎಂದಳು ನವ್ಯಶ್ರೀ.

"ಕಳ್ಳ ಅಂತ ಬರೆದಿದೆಯಲ್ಲಮ್ಮ?"

"ಕಪ್ಪು ಹಣ ಸಾರ್."

"ರಾಜ?"

"ರಾಜಸ್ವ ಸಾರ್. ಶಾರ್ಟಾಗಿ ಬರ್ದಿದೀವಿ."

ಅಕ್ಷತ ತನ್ನ ರಾಣಿ ಚೀಟಿಯನ್ನು ಮೆಲ್ಲಗೆ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದಳು. ಸರ್‌ಗೆ ಮಾತ್ರ ಎಲ್ಲಿಲ್ಲದ ಖುಷಿ. "ಹಾಗಾದ್ರೆ ಈಗ್ಲೇ ಶುರು ಮಾಡಮ್ಮ," ಎಂದು ಕೂತೇಬಿಟ್ಟರು. ನವ್ಯಶ್ರೀ ಎದ್ದು ಹೋಗಿ ಕಪ್ಪು ಹಣದ ಮೇಲೆ ಹತ್ತು ನಿಮಿಷ ಮಾತಾಡಿದಳು, ಒಂದು ಕಡೆಯೂ ತಡವರಿಸಲಿಲ್ಲ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಮಂಜೇಶ ಮಾತ್ರ ಬಾಯಿ ಬಿಟ್ಟುಕೊಂಡು ಕೂತಿದ್ದ. ಎಂಥಾ ಧೈರ್ಯ, ಎಂಥಾ ತಲೆ! ಆವತ್ತು ಬಿದ್ದವನು ಮತ್ತೆ ಏಳಲಿಲ್ಲ.

ಪ್ರೀತಿ ಬಂದದ್ದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಆಮೇಲೆ. ತಾನು ಇಷ್ಟ ಅಂತ ಹೇಳಿ ಅವಳು ಹೂಂ ಅಂದರೆ, ಅದು ನಿಜವೋ ಆಟವೋ ಯಾರಿಗೆ ಗೊತ್ತು? ಅದಕ್ಕೇ ಅವಳನ್ನು ಒಂದು ಸಲ ಸೋಲಿಸಿ, ರೂಲ್ಸಿನ ಪ್ರಕಾರವೇ ಕೇಳಬೇಕೆಂದು ಹಟ ಹಿಡಿದ. ಸೋಲಿಸಲು ಒದ್ದಾಡುವುದರಲ್ಲೇ ಎರಡು ವರ್ಷ ಕಳೆದುಹೋಯಿತು.

ಫೈನಲ್ ಇಯರಿನ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಕಾಲೇಜಿನ ಹೊಂಗೆಮರದ ಕಟ್ಟೆಯ ಮೇಲೆ ಕೊನೆಯ ಆಟ ನಡೆಯಿತು. ನವ್ಯಶ್ರೀ ಎಂ.ಕಾಂ.ಗೆ ತುಮಕೂರಿನ ಹಾಸ್ಟೆಲ್ ಸೇರುವವಳಿದ್ದಳು. ಇವತ್ತು ಬಿಟ್ಟರೆ ಮತ್ತೆ ಸಿಗುವ ಭರವಸೆ ಇರಲಿಲ್ಲ. ಅವಳಿಗೆ ಪೊಲೀಸ್ ಬಂತು. ಮಂಜೇಶ ತನ್ನ ಚೀಟಿ ಬಿಚ್ಚಿದರೆ, ಕಳ್ಳ.

ಚೀಟಿಯನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟ. ಕುರುಡರೂ ಕಳ್ಳನನ್ನು ಹಿಡಿಯುತ್ತಿದ್ದರು. ನವ್ಯಶ್ರೀ ಅವನನ್ನೇ ನೋಡಿದಳು. ಹಣೆಯ ಬೆವರು ನೋಡಿದಳು, ಒಣಗಿದ ತುಟಿ ನೋಡಿದಳು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಚಲಪತಿ," ಎಂದಳು.

"ನಾನ್ ರಾಜ ಕಣಮ್ಮ!" ಚಲಪತಿ ಚೀಟಿ ತೋರಿಸಿದ. ಆಮೇಲೆ ಇಬ್ಬರ ಮುಖವನ್ನೂ ನೋಡಿ, "ಬಾ ಅಕ್ಷತ, ಜ್ಯೂಸ್ ಕುಡಿಯೋಣ," ಎಂದು ಅವಳನ್ನು ಎಬ್ಬಿಸಿಕೊಂಡು ಹೋದ.

"ಗೆದ್ದಿದೀಯ. ಕೇಳು," ಎಂದಳು ನವ್ಯಶ್ರೀ.

ಮಂಜೇಶ ಎರಡು ವರ್ಷದಿಂದ ಉರುಹೊಡೆದಿದ್ದ ಪ್ರಶ್ನೆ ಬೇರೆ, ಬಾಯಿಗೆ ಬಂದದ್ದೇ ಬೇರೆ.

"ಬೇಕಂತ ಸೋತ್ಯಾ?" ಎಂದುಬಿಟ್ಟ.

"ಹೂಂ. ನೀನು ಅದೇನೋ ಕೇಳ್ಬೇಕು ಅಂತ ಒದ್ದಾಡ್ತಿದ್ಯಲ್ಲ, ಕೇಳ್ಲಿ ಅಂತ ಸೋತೆ. ಇರೋ ಒಂದು ಪ್ರಶ್ನೆನ ಇದಕ್ಕೆ ಖರ್ಚು ಮಾಡ್ಬಿಟ್ಯಲ್ಲೋ ದಡ್ಡ!"

ಮಂಜೇಶನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮರುಕ್ಷಣ ಯಾಕೋ ನಗು ಬಂತು, ನಗುವಿನ ಜೊತೆ ಧೈರ್ಯವೂ ಬಂತು.

"ಕೇಳೋದೇನೂ ಬೇಡ ಬಿಡು, ನಾನೇ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ ಕಣೇ."

ನವ್ಯಶ್ರೀ ಏನೋ ಒಂದು ಮುಖ ಮಾಡಲು ಹೋದಳು. ಆಗಲಿಲ್ಲ. ಇನ್ನೊಂದು ಮಾಡಲು ನೋಡಿದಳು, ಅದೂ ಕೂಡಿಬರಲಿಲ್ಲ. ಕೊನೆಗೆ ದುಪಟ್ಟಾದ ತುದಿಯಿಂದ ಕಣ್ಣೊತ್ತಿಕೊಂಡಳು.

"ನಿನ್ ಪ್ರಶ್ನೆ ಮುಗೀತು. ಈಗ ನಾನು ಸುಳ್ಳು ಹೇಳಿದ್ರೂ ನಡಿಯುತ್ತೆ, ಗೊತ್ತಲ್ಲ?"

"ಗೊತ್ತು."

"ಆದ್ರೂ ನಂಬ್ತೀಯಾ?"

"ನಂಬ್ತೀನಿ."

"ನಂಗೂ ನೀನಂದ್ರೆ ಇಷ್ಟ ಕಣೋ. ಮೊದಲಿಂದ್ಲೂ."

ಮಂಜೇಶ ಅವಳ ಮುಖವನ್ನು ಓದಲು ಹೋಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ.